ಕೆರೆ ಕೇಳಿ ಬಂದ ಮಕ್ಕಳು

2022ರ ಮೇ 21, ಶನಿವಾರ. ದಕ್ಷಿಣ ಕೋಲ್ಕತ್ತದ ರವೀಂದ್ರ ಸರೋವರದಲ್ಲಿ ಶಾಲಾ ಮಕ್ಕಳು ದೋಣಿ ಸ್ಪರ್ಧೆಯ ತಾಲೀಮಿನಲ್ಲಿದ್ದರು. ಸಂಜೆಯಾಗುತ್ತಿದ್ದಂತೆ ಕಾಲಬೈಶಾಖಿ ಎರಗಿತು. ಬೇಸಿಗೆಯಲ್ಲಿ ವಾಯವ್ಯ ದಿಕ್ಕಿನಿಂದ ನುಗ್ಗಿ ಬರುವ ಈ ಬಿರುಗಾಳಿ ಬಂಗಾಳದವರಿಗೆ ಹೊಸದೇನಲ್ಲ. ಆದರೆ ಅದು ಬರುವಾಗ ನೀರಿನ ನಡುವೆ ಇರುವವರಿಗೆ ಹೆಚ್ಚು ಹೊತ್ತು ಸಿಗುವುದಿಲ್ಲ. ಐದು ಹುಡುಗರಿದ್ದ ಸಪೂರ ದೋಣಿ ಮಗುಚಿಕೊಂಡಿತು. ಮೂವರು ಉಳಿದರು. ಒಂಬತ್ತನೇ ತರಗತಿಯ ಇಬ್ಬರು ಉಳಿಯಲಿಲ್ಲ.

ಆ ಹೊತ್ತಿಗೆ ಮಕ್ಕಳ ಬೆನ್ನ ಹಿಂದೆ ರಕ್ಷಣಾ ದೋಣಿ ಇರಲಿಲ್ಲ. ಯಾಕಿರಲಿಲ್ಲ ಎಂದು ಊರು ಕೇಳಿತು. ಸರೋವರದ ನೀರು ಕೆಡದಿರಲಿ ಎಂದು ಎಣ್ಣೆ ಸುಡುವ ದೋಣಿಗಳಿಗೆ ಅಲ್ಲಿ ತಡೆಯಿದೆ, ಹಾಗಾಗಿ ಎಂಜಿನ್ ದೋಣಿ ಇಳಿಸುವಂತಿಲ್ಲ ಎಂಬ ವಿವರಣೆ ಬಂತು. ಈ ವಿವರಣೆಯನ್ನು ಓದಿದ ದಿನದಿಂದ ಅದು ನನ್ನ ತಲೆಯಿಂದ ಹೋಗಿಲ್ಲ. ಕೆರೆಯನ್ನು ಕಾಯಲು ಮಾಡಿದ ನಿಯಮ ಒಂದು ಕಡತದಲ್ಲಿತ್ತು, ಮಕ್ಕಳ ತಾಲೀಮಿನ ವೇಳಾಪಟ್ಟಿ ಇನ್ನೊಂದು ಕಡತದಲ್ಲಿತ್ತು. ಎರಡೂ ಒಂದೇ ನೀರಿಗೆ ಸಂಬಂಧಿಸಿದವು. ಆದರೆ ಒಂದೇ ಮೇಜಿನ ಮೇಲೆ ಅವೆರಡನ್ನೂ ಬಿಡಿಸಿಟ್ಟು ನೋಡಲು ಎರಡು ಜೀವ ಹೋಗಬೇಕಾಯಿತು. ದುರಂತದ ನಂತರ ತಾಲೀಮು ನಿಂತಿತು. ಪೊಲೀಸರು, ಸರೋವರದ ಉಸ್ತುವಾರಿ ಹೊತ್ತ ಪ್ರಾಧಿಕಾರದವರು, ಕ್ಲಬ್‌ಗಳವರು ಒಟ್ಟಿಗೆ ಕೂತು ಸುರಕ್ಷತೆಯ ನಿಯಮಾವಳಿ ಮಾಡಿಕೊಂಡರು. ಆಮೇಲೆಯೇ ದೋಣಿಗಳು ಮತ್ತೆ ನೀರಿಗಿಳಿದವು.

ನಮ್ಮ ಊರುಗಳ ಕೆರೆಗಳಲ್ಲೂ ಮಕ್ಕಳು ಹುಟ್ಟು ಹಾಕುವುದನ್ನು ಕಲಿಯಬೇಕು ಎಂಬುದು ನನ್ನ ಗಟ್ಟಿಯಾದ ಆಸೆ. ಹಾಗಿದ್ದೂ ಈ ಬರಹವನ್ನು ಕೋಲ್ಕತ್ತದ ಸಾವಿನಿಂದಲೇ ಶುರು ಮಾಡುತ್ತಿದ್ದೇನೆ. ಕೆರೆ ಕೇಳಿಕೊಂಡು ಮಕ್ಕಳ ಕ್ಲಬ್ಬೊಂದು ಬಡಾವಣೆಯ ಸಭೆಗೆ ಬಂದರೆ, ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಪ್ರತಿಯೊಬ್ಬರೂ ಮಕ್ಕಳ ಜೀವ ಕಾಯುವ ಕೆಲಸವನ್ನೇ ಮಾಡುತ್ತಿರುತ್ತಾರೆ. ಅಡ್ಡಗಾಲು ಹಾಕುವವರು ಎಂದು ಅವರನ್ನು ದೂರುವುದು ಸುಲಭ. ಆದರೆ ಸುಲಭವಾಗಿ ಸಿಕ್ಕ ಒಪ್ಪಿಗೆಯಷ್ಟು ಅಪಾಯದ್ದು ನೀರಿನ ಮೇಲೆ ಬೇರೊಂದಿಲ್ಲ.

ರವೀಂದ್ರ ಸರೋವರದ ಕಥೆ ನಮಗೆ ಹತ್ತಿರದ್ದು. ಅದು ಪ್ರಕೃತಿ ಕೊಟ್ಟ ಕೊಳವಲ್ಲ. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ಜೌಗು ನೆಲ ಹಿಡಿದು, ಅಗೆದ ಮಣ್ಣಿನಿಂದ ಸುತ್ತಲ ತಗ್ಗು ತುಂಬಿಸಿ ಬಡಾವಣೆ ಎಬ್ಬಿಸಿತು. ಅಗೆದ ಗುಂಡಿಯೇ ಸರೋವರವಾಯಿತು. ಬಡಾವಣೆಯೂ ಕೆರೆಯೂ ಜೊತೆಜೊತೆಗೆ ಹುಟ್ಟಿದವು ಎನ್ನಬೇಕು. ಮೊದಲು ಢಾಕುರಿಯಾ ಲೇಕ್ ಎಂದೇ ಕರೆಯುತ್ತಿದ್ದರು, 1958ರಲ್ಲಿ ರವೀಂದ್ರರ ಹೆಸರು ಬಂತು. ಒಟ್ಟು ಸುಮಾರು 192 ಎಕರೆ ಜಾಗದಲ್ಲಿ 73 ಎಕರೆಯಷ್ಟು ನೀರು. ಅದರ ದಡದಲ್ಲಿ ಹಳೆಯ ರೋಯಿಂಗ್ ಕ್ಲಬ್‌ಗಳು ಸಾಲಾಗಿ ಕೂತಿವೆ. 1858ರಲ್ಲಿ ಹೂಗ್ಲಿ ನದಿಯ ಮೇಲೆ ಹುಟ್ಟಿ ಆಮೇಲೆ ಸರೋವರಕ್ಕೆ ಬಂದ ಕಲ್ಕತ್ತಾ ರೋಯಿಂಗ್ ಕ್ಲಬ್, 1929ರ ಬೆಂಗಾಲ್ ರೋಯಿಂಗ್ ಕ್ಲಬ್, 1932ರ ಲೇಕ್ ಕ್ಲಬ್. ಬಿಳಿಯರ ಆಟವಾಗಿದ್ದುದನ್ನು ಊರಿನವರು ತಮ್ಮದಾಗಿಸಿಕೊಂಡ ಚರಿತ್ರೆಯೂ ಈ ಹೆಸರುಗಳ ಹಿಂದಿದೆ. ಇಂದಿಗೂ ಅಲ್ಲಿ ಶಾಲೆ ಶಾಲೆಗಳ ನಡುವೆ ಪಂದ್ಯ ನಡೆಯುತ್ತದೆ.

ಸರೋವರಕ್ಕೆ ಹಕ್ಕುದಾರರು ಕ್ಲಬ್‌ಗಳವರಷ್ಟೇ ಅಲ್ಲ. ಬೆಳಗಿನ ನಡಿಗೆಯವರ ದೊಡ್ಡ ಬಳಗವೇ ಇದೆ, ಹಕ್ಕಿ ನೋಡುವವರಿದ್ದಾರೆ, ಛಠ್ ಪೂಜೆಗೆ ಬರುತ್ತಿದ್ದ ಸಾವಿರಾರು ಭಕ್ತರಿದ್ದಾರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿ ಛಠ್ ಆಚರಣೆಯನ್ನು ತಡೆದ ಮೇಲೂ 2019ರಲ್ಲಿ ಜನ ಗೇಟಿನ ಬೀಗ ಒಡೆದು ಒಳಹೊಕ್ಕರು. ಒಂದು ತುಂಡು ನೀರಿಗೆ ಎಷ್ಟು ಜನ ಎಷ್ಟು ಬಗೆಯಲ್ಲಿ ಅಂಟಿಕೊಂಡಿರುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ನೀರಿನಲ್ಲಿ ಮಕ್ಕಳ ಪಾಲು ಎಷ್ಟು, ಯಾವ ಹೊತ್ತಿನಲ್ಲಿ, ಯಾರ ಕಾವಲಿನಲ್ಲಿ ಎಂಬುದನ್ನು ಕಾಲಕಾಲಕ್ಕೆ ಮತ್ತೆ ಮತ್ತೆ ಮಾತಾಡಿ ತೀರ್ಮಾನಿಸಬೇಕಾಗುತ್ತದೆ. ಅಜ್ಜನ ಕಾಲದಿಂದ ದೋಣಿ ಬಿಡುತ್ತಿದ್ದೇವೆ ಎಂಬ ಮಾತು ಬಿರುಗಾಳಿಯ ಮುಂದೆ ನಿಲ್ಲುವುದಿಲ್ಲ.

ಈ ಆಟ ಕೇಳುವ ನೀರು

ಸಭೆಯಲ್ಲಿ ಮೊದಲು ಏಳುವ ಗೊಂದಲವನ್ನು ಬಿಡಿಸಿಕೊಳ್ಳೋಣ. ರೋಯಿಂಗ್ ಎಂದರೆ ಹಂಸದ ಆಕಾರದ ಪೆಡಲ್ ದೋಣಿಯಲ್ಲ, ಗಂಟೆಗಿಷ್ಟು ಎಂದು ಟಿಕೆಟ್ ಹರಿದು ಕೊಡುವ ವಿಹಾರವೂ ಅಲ್ಲ. ಒಬ್ಬರೇ ಕೂರುವ ಸ್ಪರ್ಧೆಯ ದೋಣಿ ಸುಮಾರು ಎಂಟು ಮೀಟರ್ ಉದ್ದ, ನಿಯಮದ ಪ್ರಕಾರ ಕನಿಷ್ಠ ತೂಕ 14 ಕೆ.ಜಿ. ದೊಡ್ಡವರೊಬ್ಬರು ಹೆಗಲ ಮೇಲೆ ಹೊತ್ತುಕೊಂಡು ನಡೆಯಬಹುದು. ಎಂಟು ಜನ ಹುಟ್ಟು ಹಾಕುವ ದೋಣಿ ಹದಿನೇಳು ಮೀಟರಿಗೂ ಉದ್ದವಿದ್ದು 96 ಕೆ.ಜಿ.ಗಿಂತ ಕಡಿಮೆ ತೂಗುವಂತಿಲ್ಲ. ಕೂರುವ ಪೀಠಕ್ಕೆ ಗಾಲಿಯಿದೆ. ಕಾಲು ಒದ್ದಾಗ ಪೀಠ ಹಿಂದೆ ಸರಿಯುತ್ತದೆ, ಹುಟ್ಟು ನೀರನ್ನು ತಳ್ಳುತ್ತದೆ. ನೋಡುವವರಿಗೆ ತೋಳಿನ ಆಟದಂತೆ ಕಂಡರೂ ಬಲವೆಲ್ಲ ಕಾಲಿನದು.

ಇನ್ನೊಂದು ಸಂಗತಿಯನ್ನು ಕೆರೆಯ ಬಳಿ ವಾಸಿಸುವವರು ತಿಳಿದಿರಬೇಕು. ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಮುಂದೇನಿದೆ ಎಂಬುದು ಅವರಿಗೆ ಕಾಣುವುದಿಲ್ಲ. ದಾರಿ ಹೇಳುವ ಕಾಕ್ಸ್ ಇದ್ದರೆ ಸರಿ, ಇಲ್ಲದಿದ್ದರೆ ಆಗಾಗ ಕತ್ತು ಹೊರಳಿಸಿ ನೋಡಬೇಕು. ಒಬ್ಬರ ದೋಣಿಯಲ್ಲೂ ಎರಡು ಕಡೆಯ ಹುಟ್ಟು ಚಾಚಿದರೆ ಆರು ಮೀಟರ್ ಹತ್ತಿರ ಅಗಲ ಬೇಕು. ಬಲೆ ಹಾಕಿದ ಜಾಗ, ಮುಳುಗಿದ ಮರದ ಬುಡ, ಗಣೇಶನ ವಿಸರ್ಜನೆಯ ನಂತರ ತೇಲುವ ಬಿದಿರು, ನೀರೊಳಗಿನ ಕಬ್ಬಿಣದ ಸರಳು ಎಲ್ಲವೂ ಅಪಾಯವೇ. ಆದ್ದರಿಂದ ರೋಯಿಂಗ್ ಇರುವ ಕಡೆಯಲ್ಲೆಲ್ಲ ನೀರಿನ ಮೇಲೂ ರಸ್ತೆಯ ನಿಯಮವಿರುತ್ತದೆ. ಹೋಗುವ ಬದಿ ಯಾವುದು, ಬರುವ ಬದಿ ಯಾವುದು, ಎಲ್ಲಿ ತಿರುಗಬೇಕು ಎಂಬ ನಕ್ಷೆಯನ್ನು ದೋಣಿಮನೆಯ ಗೋಡೆಗೆ ಅಂಟಿಸಿರುತ್ತಾರೆ. ಆ ನಕ್ಷೆ ತೋರಿಸದ ಕ್ಲಬ್ಬಿಗೆ ಒಪ್ಪಿಗೆ ಕೊಡಲೇಬಾರದು.

ಅಂತರರಾಷ್ಟ್ರೀಯ ಸ್ಪರ್ಧೆಗೆ 2,000 ಮೀಟರ್ ನೇರವಾದ, ಕನಿಷ್ಠ ಮೂರು ಮೀಟರ್ ಆಳದ ನೀರು ಬೇಕು, ಒಂದೊಂದು ದೋಣಿಗೆ 13.5 ಮೀಟರ್ ಅಗಲದ ಓಣಿ ಬೇಕು. ಊರೊಳಗಿನ ಕೆರೆಯಲ್ಲಿ ಇಷ್ಟನ್ನು ಹುಡುಕಬೇಕಿಲ್ಲ. ಹನ್ನೆರಡು–ಹದಿಮೂರರ ಮಕ್ಕಳು ಕಲಿಯಲು ಐನೂರು ಮೀಟರ್ ಶಾಂತ ನೀರು ಧಾರಾಳವಾಗಿ ಸಾಕು. ಅಗಲ ತಳದ, ಸುಲಭಕ್ಕೆ ಮಗುಚದ ತರಬೇತಿ ದೋಣಿಗಳಲ್ಲಿ ಅವರು ಮೊದಲ ವರ್ಷ ಕಳೆಯಬಹುದು. ಸ್ಪರ್ಧೆಯ ನೀರಿಗೆ ಆಮೇಲೆ ಹೋಗಲಿ.

ಇನ್ನು ಅಲೆಯ ಮಾತು. ಹುಟ್ಟಿನ ದೋಣಿಗಳಿಂದ ಏಳುವ ಅಲೆ ತೀರ ಚಿಕ್ಕದು. ಕೆರೆಗೆ ತೊಂದರೆ ಬರುವುದು ಅವುಗಳ ಜೊತೆಗೆ ಹೋಗುವ ಕೋಚ್‌ನ ಎಂಜಿನ್ ದೋಣಿಯಿಂದ. ಅದರ ಅಲೆ ದಡದ ಜೊಂಡನ್ನು ಬಡಿಯುತ್ತದೆ, ತೇಲುಗೂಡು ಕಟ್ಟುವ ಗುಳುಮುಳುಕನಂಥ ಹಕ್ಕಿಗಳ ಮೊಟ್ಟೆಗೆ ಕಂಟಕವಾಗುತ್ತದೆ. ಎಣ್ಣೆಯ ಪೊರೆ ನೀರಿನ ಮೇಲೆ ಹರಡುತ್ತದೆ. ಹಾಗೆಂದು ಆ ದೋಣಿಯನ್ನೇ ತೆಗೆದುಹಾಕಿದರೆ ಏನಾಗಬಹುದು ಎಂಬುದನ್ನು ಕೋಲ್ಕತ್ತ ತೋರಿಸಿದೆ. ಬ್ಯಾಟರಿಯಲ್ಲಿ ಓಡುವ ಮೋಟಾರುಗಳು ಇವತ್ತು ಸಿಗುತ್ತವೆ. ಎರಡು ತೆಳು ತಳದ ಮೇಲೆ ನಿಂತು, ಅಲೆ ಕಡಿಮೆ ಎಬ್ಬಿಸುವಂತೆ ಕೋಚ್‌ಗಳಿಗೆಂದೇ ಮಾಡಿದ ದೋಣಿಗಳೂ ಇವೆ. ಬೆಲೆ ಹೆಚ್ಚು, ನಿಜ. ಮಕ್ಕಳನ್ನು ನೀರಿಗಿಳಿಸುವ ಕ್ಲಬ್ಬಿನ ಮೊದಲ ಖರೀದಿ ಅದೇ ಆಗಿರಬೇಕು, ಸ್ಪರ್ಧೆಯ ದೋಣಿ ಆಮೇಲೆ. ಭೋಪಾಲದ ದೊಡ್ಡ ತಾಲಾಬು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿದೆ, ಊರಿಗೆ ಕುಡಿಯುವ ನೀರಿನ ಮೂಲ, ಅದೇ ಹೊತ್ತಿಗೆ ಮಧ್ಯಪ್ರದೇಶದ ಜಲಕ್ರೀಡಾ ಅಕಾಡೆಮಿಯ ತಾಲೀಮಿನ ತಾಣ. 2023ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ ವಿಹಾರದ ಕ್ರೂಸ್, ಮೋಟಾರು ದೋಣಿಗಳನ್ನು ನಿಲ್ಲಿಸಲು ಆದೇಶಿಸಿತು. ಈ ದೇಶದಲ್ಲಿ ಇನ್ನು ಮುಂದೆ ಕೆರೆ ಕೇಳುವ ಯಾವ ಕ್ಲಬ್ಬೂ ಎಂಜಿನ್ನಿನ ಪ್ರಶ್ನೆಗೆ ಉತ್ತರ ಜೇಬಿನಲ್ಲಿಟ್ಟುಕೊಂಡೇ ಬರಬೇಕು.

ನಮ್ಮ ಊರಿನ ಅನುಮಾನ

ಬೆಂಗಳೂರಿನಲ್ಲಿ ಕೆರೆಗೆ ದೋಣಿ ಎಂದೊಡನೆ ಜನ ಹುಬ್ಬು ಗಂಟಿಕ್ಕುತ್ತಾರೆ. ಅದಕ್ಕೆ ಕಾರಣವಿದೆ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂದ ಮೇಲೆ, ಸರ್ಕಾರಿ–ಖಾಸಗಿ ಸಹಭಾಗಿತ್ವದ ಹೆಸರಿನಲ್ಲಿ ಹೆಬ್ಬಾಳ, ನಾಗವಾರ, ಅಗರದಂಥ ಕೆರೆಗಳು ಖಾಸಗಿಯವರಿಗೆ ಗುತ್ತಿಗೆಗೆ ಹೋದವು. ದಡಕ್ಕೆ ಬೇಲಿ, ಒಳಗೆ ಹೋಗಲು ಟಿಕೆಟ್. ಅಲ್ಲಿಯವರೆಗೆ ದನದ ಮೈ ತೊಳೆಯುತ್ತಿದ್ದವರು, ಮೀನು ಹಿಡಿಯುತ್ತಿದ್ದವರು, ಸೊಪ್ಪು ಕೊಯ್ಯುತ್ತಿದ್ದವರು ಬೇಲಿಯ ಹೊರಗಿನವರಾದರು. ಇದರ ವಿರುದ್ಧ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. 2012ರಲ್ಲಿ ನ್ಯಾಯಾಲಯ ಕೆರೆಗಳ ರಕ್ಷಣೆಯ ಬಗ್ಗೆ ವಿಸ್ತಾರವಾದ ನಿರ್ದೇಶನ ಕೊಟ್ಟಿತು. ಆ ವರ್ಷಗಳನ್ನು ಕಂಡವರು ದೋಣಿ ಎಂಬ ಮಾತು ಕೇಳಿದರೆ ಬೇಲಿಯನ್ನೇ ನೆನೆಯುತ್ತಾರೆ. ಅವರನ್ನು ಹಳೆಯ ಕಾಲದವರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅನುಮಾನಕ್ಕೆ ಇನ್ನೊಂದು ಕಾರಣವೂ ಇದೆ. ವಡೋದರದ ಹರ್ಣಿ ಕೆರೆಯಲ್ಲಿ 2024ರ ಜನವರಿ 18ರಂದು ಶಾಲಾ ಪ್ರವಾಸದ ಮಕ್ಕಳನ್ನು ಮಿತಿಮೀರಿ ಹತ್ತಿಸಿಕೊಂಡ ವಿಹಾರ ದೋಣಿ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಬಹಳಷ್ಟು ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿರಲಿಲ್ಲ. ಆ ದೋಣಿಯಲ್ಲಿ ಮಕ್ಕಳು ಗಿರಾಕಿಗಳು. ಕ್ಲಬ್ಬಿನಲ್ಲಿ ಮಕ್ಕಳು ಕಲಿಯುವವರು, ನೀರಿನ ಗುಣ, ದೋಣಿಯ ಗುಣ ತಿಳಿದು ಇಳಿಯುವವರು. ಈ ವ್ಯತ್ಯಾಸ ಕಾಗದದಲ್ಲಿ ಬರೆದರೆ ಸಾಲದು. ಇನ್ನೂರು ಮೀಟರ್ ಈಜಲಾರದ, ಬಟ್ಟೆಯಲ್ಲೇ ನೀರಿನಲ್ಲಿ ತೇಲಿ ನಿಲ್ಲಲಾರದ ಮಗುವನ್ನು ದೋಣಿ ಹತ್ತಿಸಬಾರದು. ಮಗುಚಿದರೆ ದೋಣಿ ಬಿಟ್ಟು ದಡಕ್ಕೆ ಈಜಬಾರದು, ದೋಣಿಯನ್ನೇ ತಬ್ಬಿ ಹಿಡಿಯಬೇಕು ಎಂಬುದನ್ನು ಬೇಕೆಂದೇ ಮಗುಚಿ ಕಲಿಸಬೇಕು. ಮಿಂಚು ಕಂಡರೆ, ಗಾಳಿಯ ಮುನ್ಸೂಚನೆ ಬಂದರೆ ಅಂದಿನ ತಾಲೀಮು ರದ್ದು, ಮರುದಿನ ಪಂದ್ಯವೇ ಇರಲಿ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳ ಸಂಜೆ ಮಳೆ ಮರ ಉರುಳಿಸುವ ಗಾಳಿಯೊಂದಿಗೇ ಬರುತ್ತದೆ. ಆ ಎರಡು ತಿಂಗಳು ಸಂಜೆಯ ತಾಲೀಮು ಬೇಡವೇ ಬೇಡ, ಬೆಳಿಗ್ಗೆ ಮಾತ್ರ ಎನ್ನುವುದು ಕ್ಷೇಮ.

ಈ ಒಪ್ಪಿಗೆಯನ್ನು ಯಾರಿಂದ ಕೇಳಬೇಕು? ಕಾಗದದ ಮೇಲಿನ ಉತ್ತರ ನೇರವಾಗಿದೆ. ಕೆರೆ ಪಾಲಿಕೆಯದೋ, ಅರಣ್ಯ ಇಲಾಖೆಯದೋ, ಸಣ್ಣ ನೀರಾವರಿಯದೋ, ಪಂಚಾಯಿತಿಯದೋ ನೋಡಿ ಅರ್ಜಿ ಹಾಕಬೇಕು. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಕಟ್ಟುಪಾಡು ಪಾಲಿಸಬೇಕು. ದಡದ ಮೇಲೆ ಕಾಂಕ್ರೀಟಿನ ದೋಣಿಮನೆ ಕಟ್ಟುವ ಆಸೆಯನ್ನು ಅಲ್ಲೇ ಬಿಡಬೇಕು. ಮೀಸಲು ಅಂಚಿನ ಹೊರಗೊಂದು ಶೆಡ್ಡು, ನೀರಿಗೆ ತೇಲುವ ಇಳಿಗಟ್ಟೆ, ಇಷ್ಟರಲ್ಲಿ ಕೆಲಸ ಸಾಗುತ್ತದೆ.

ಕಾಗದದ ಆಚೆಗೆ ಹೋದರೆ ಪ್ರಶ್ನೆ ಕಠಿಣವಾಗುತ್ತದೆ. ಕೆರೆಯ ನೆರೆಯವರು ಎಂದರೆ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬರುವುದು ಏರಿಯ ಮೇಲೆ ಬೆಳಿಗ್ಗೆ ನಡೆಯುವವರು, ಎದುರಿನ ಅಪಾರ್ಟ್‌ಮೆಂಟಿನ ಸಂಘದವರು. ಅವರ ಶ್ರಮ ದೊಡ್ಡದು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ಸುತ್ತಲಿನವರೇ ಟ್ರಸ್ಟ್ ಮಾಡಿಕೊಂಡು ಜೀವ ತುಂಬಿದರು, 2011ರಲ್ಲಿ ಪಾಲಿಕೆಯೊಂದಿಗೆ ನಿರ್ವಹಣೆಯ ಒಡಂಬಡಿಕೆ ಮಾಡಿಕೊಂಡರು. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯೂ ಹಾಗೆಯೇ ನಾಗರಿಕರು ಬೆನ್ನಿಗೆ ನಿಂತದ್ದರಿಂದ ಮರಳಿ ತುಂಬಿತು. ಆದರೆ ಆ ಕೆರೆಗಳಿಗೆ ಅಪಾರ್ಟ್‌ಮೆಂಟಿಗಿಂತ ಹಳೆಯ ಊರುಗಳಿವೆ. ಏರಿಯ ಕೆಳಗೆ ಗದ್ದೆ ಇದ್ದಾಗ ತೂಬು ತೆಗೆದು ಮುಚ್ಚುತ್ತಿದ್ದ ನೀರುಗಂಟಿಯ ಮನೆತನ ಅಲ್ಲೇ ಎಲ್ಲೋ ಬಾಡಿಗೆ ಮನೆಗಳ ನಡುವೆ ಇರುತ್ತದೆ. ಕೋಡಿ ಬಿದ್ದ ವರ್ಷ ಗಂಗೆಗೆ ಬಾಗಿನ ಕೊಡುವವರಿದ್ದಾರೆ, ತೆಪ್ಪೋತ್ಸವ ಮಾಡುವ ಗುಡಿಗಳಿವೆ. ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆ ಹಿಡಿದು ಮರಿ ಬಿಟ್ಟು, ನಸುಕಿನಲ್ಲಿ ತೆಪ್ಪ ತಳ್ಳಿಕೊಂಡು ಹೋಗಿ ಬಲೆ ಎತ್ತುವವರು ಇದ್ದಾರೆ. ಕ್ಲಬ್ಬಿನ ಮಕ್ಕಳಿಗೂ ಬೇಕಾಗಿರುವುದು ಅದೇ ನಸುಕು, ಅದೇ ಗಾಳಿಯಿಲ್ಲದ ನೀರು. ಹುಟ್ಟು ಬಲೆಗೆ ಸಿಕ್ಕಿದರೆ ನಷ್ಟ ಮೀನುಗಾರನದು, ಅಪಾಯ ಮಗುವಿನದು. ಆ ಮೀನುಗಾರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುವುದಿಲ್ಲ, ಭಾನುವಾರ ಹತ್ತು ಗಂಟೆಗೆ ಕ್ಲಬ್‌ಹೌಸಿನಲ್ಲಿ ಕರೆದ ಸಭೆಗೆ ಬರುವುದೂ ಇಲ್ಲ. ಅವನಲ್ಲಿಗೆ ಹೋಗಬೇಕು. ಬಲೆ ಎತ್ತುವ ಹೊತ್ತು ಕೇಳಿ, ಯಾವ ಮೂಲೆ ಯಾರಿಗೆ ಎಂದು ಅವನ ಮಾತಿನಂತೆ ಗೆರೆ ಎಳೆಯಬೇಕು. ಕೆರೆಯ ತಳದಲ್ಲಿ ಎಲ್ಲಿ ಹೂಳಿದೆ, ಎಲ್ಲಿ ಕಲ್ಲಿದೆ, ಯಾವ ತಿಂಗಳಲ್ಲಿ ಗಾಳಿ ಎತ್ತಣಿಂದ ಏಳುತ್ತದೆ ಎಂಬುದು ಅವನಷ್ಟು ಯಾವ ಕೋಚ್‌ಗೂ ತಿಳಿದಿರುವುದಿಲ್ಲ. ರಕ್ಷಣಾ ದೋಣಿ ನಡೆಸುವ ಸಂಬಳದ ಕೆಲಸ ಅವನ ಮನೆಯ ಹುಡುಗನಿಗೇ ಸಿಗಬೇಕು ಎಂದು ನಾನಂತೂ ವಾದಿಸುತ್ತೇನೆ.

ಹಕ್ಕಿಗಳ ಪರವಾಗಿ ಮಾತಾಡುವವರೂ ಸಭೆಯಲ್ಲಿರಬೇಕು. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು, ಈಗ ವಿಶ್ವವಿದ್ಯಾಲಯದ ಆವರಣಕ್ಕೆ ಸೇರಿದ್ದು, ಕುವೆಂಪು ಅವರ ವಾಯುವಿಹಾರದ ದಾರಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿಗಳು ಅಲ್ಲಿನ ಮರಗಳಲ್ಲಿ, ದಿಬ್ಬದಲ್ಲಿ ಕೂರುತ್ತವೆ. ಇಂಥ ಕೆರೆಯನ್ನು ರೋಯಿಂಗ್‌ಗೆ ಕೇಳಲೇಬಾರದು. ಕೇಳಿದರೆ ಇಲ್ಲ ಎನ್ನುವುದೇ ಸರಿ. ಅದೇ ಮೈಸೂರಿನ ಹೊರವಲಯದ ವರುಣಾ ಕೆರೆಯಲ್ಲಿ ಜಲಸಾಹಸ ಕ್ರೀಡೆಗಳು ಬಹಳ ಹಿಂದೆಯೇ ಬಂದಿವೆ. ಊರಿಗೆ ಎರಡು ಮೂರು ಕೆರೆಗಳಿದ್ದರೆ ಒಂದು ಹಕ್ಕಿಗೆ, ಒಂದು ಮಕ್ಕಳಿಗೆ ಎಂದು ಹಂಚುವುದರಲ್ಲಿ ಅನ್ಯಾಯವಿಲ್ಲ. ಒಂದೇ ಕೆರೆಯಿರುವ ಕಡೆ ಜೊಂಡಿನಿಂದ, ಗೂಡಿನ ದಿಬ್ಬದಿಂದ ಅಂತರ ಕಾಯ್ದುಕೊಂಡು, ವಲಸೆ ಬಾತುಗಳು ಬರುವ ಚಳಿಗಾಲದಲ್ಲಿ ದೋಣಿಗಳ ಪಾಲಿನ ನೀರನ್ನು ಇನ್ನಷ್ಟು ಕಿರಿದು ಮಾಡಿಕೊಳ್ಳಬೇಕಾಗುತ್ತದೆ.

ಕೊಳಚೆಯ ಲೆಕ್ಕ

ಎಲ್ಲ ಒಪ್ಪಿದರೂ ನೀರೇ ಒಪ್ಪದಿದ್ದರೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ ಐದು ದರ್ಜೆಗಳಾಗಿ ವಿಂಗಡಿಸುತ್ತದೆ. ಹೊರಾಂಗಣ ಸ್ನಾನಕ್ಕೆ ತಕ್ಕದ್ದು ‘ಬಿ’ ದರ್ಜೆ. ಅದರಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಂ ಮೀರಬಾರದು, ಕೋಲಿಫಾರಂ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 500ಕ್ಕಿಂತ ಹೆಚ್ಚಿರಬಾರದು. ದೋಣಿ ಮಗುಚಿದ ಮಗು ಆ ನೀರನ್ನು ಕುಡಿದೇ ಕುಡಿಯುತ್ತದೆ. ಹಾಗಾಗಿ ಈ ದರ್ಜೆಗಿಂತ ಕೆಳಗಿನದಕ್ಕೆ ತೃಪ್ತರಾಗಬಾರದು. ಬೆಂಗಳೂರಿನ ಬಹುಪಾಲು ಕೆರೆಗಳು ‘ಡಿ’, ‘ಇ’ ದರ್ಜೆಗಳಲ್ಲಿ ಬಿದ್ದಿವೆ. ಮೀನು ಸಾಕಲು, ಹೊಲಕ್ಕೆ ಹಾಯಿಸಲು ತಕ್ಕ ನೀರು ಅದು. ಮದ್ರಾಸ್ ಸ್ಯಾಪರ್ಸ್ ಸೈನಿಕರು ಜಲಕ್ರೀಡೆಯ ತಾಲೀಮು ನಡೆಸುವ, ನೂರಕ್ಕೂ ಹೆಚ್ಚು ಎಕರೆಯ ಹಲಸೂರು ಕೆರೆಯಲ್ಲೇ 2016ರ ಮಾರ್ಚಿನಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಬೆಳ್ಳಂದೂರು ಕೆರೆಯ ನೊರೆ, ಬೆಂಕಿಯ ಚಿತ್ರಗಳನ್ನು ಜಗತ್ತೇ ನೋಡಿದೆ.

ಅಮೆರಿಕದ ಸಿಯಾಟಲ್ ನಗರದ ಗ್ರೀನ್ ಲೇಕ್ ಇಲ್ಲಿ ನೆನಪಾಗುತ್ತದೆ. ಸುಮಾರು 259 ಎಕರೆಯ ಈ ನಗರ ಕೆರೆಯ ಸುತ್ತ 2.8 ಮೈಲಿಯ ನಡಿಗೆಯ ದಾರಿಯಿದೆ, ದಿನವೂ ಜನವೋ ಜನ. ಅದೇ ಕೆರೆಯಲ್ಲಿ ಮಕ್ಕಳ ರೋಯಿಂಗ್ ನಡೆಯುತ್ತದೆ. ಅದನ್ನು ನಡೆಸುವುದು ಸದಸ್ಯರಿಗಷ್ಟೇ ಬಾಗಿಲು ತೆರೆಯುವ ಕ್ಲಬ್ಬಲ್ಲ, ನಗರದ ಉದ್ಯಾನ ಇಲಾಖೆ. ದೋಣಿಮನೆ ಊರಿನ ಸ್ವತ್ತು. ಆ ಕೆರೆಗೂ ಪಾಚಿಯ ಕಾಯಿಲೆಯಿದೆ. ವಿಷದ ನೀಲಿ–ಹಸಿರು ಪಾಚಿ ಬೆಳೆದಾಗ ನೀರಿಗಿಳಿಯಬೇಡಿ ಎಂದು ಫಲಕ ಹಾಕುತ್ತಾರೆ. 2004ರಲ್ಲಿ, ಮತ್ತೆ 2016ರಲ್ಲಿ ರಂಜಕ ಹಿಡಿದಿಡಲು ಇಡೀ ಕೆರೆಗೆ ಆಲಂ ಹಾಕಿಸಿದರು. ಅಷ್ಟು ಖರ್ಚಿಗೆ ಊರು ಒಪ್ಪುವುದು, ಮಕ್ಕಳೂ ಈಜುವವರೂ ನಡೆಯುವವರೂ ಆ ನೀರನ್ನು ದಿನನಿತ್ಯ ಬಳಸುವಾಗಲೇ. ನೋಡಲು ಮಾತ್ರ ಉಳಿದ ಕೆರೆಗೆ ಬೇಲಿಯಾಚೆಯಿಂದ ಮೂಗು ಮುಚ್ಚಿಕೊಂಡು ಹೋಗುತ್ತೇವೆ. ಮಗಳು ದಿನಾ ಇಳಿಯುವ ಕೆರೆಗೆ ರಾಜಕಾಲುವೆಯಿಂದ ಕೊಳಚೆ ಬಂದರೆ ತಾಯಿ ಜಲಮಂಡಳಿಯ ಎಂಜಿನಿಯರನ ಬಾಗಿಲಿಗೆ ಹೋಗಿ ಕೂರುತ್ತಾಳೆ. ನಮ್ಮ ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದ ನೀರು ಜೌಗು ಗಿಡಗಳ ನಡುವೆ ಹಾದು ಸೋಸಿಕೊಂಡು ಒಳಬರುವ ವ್ಯವಸ್ಥೆ ಮಾಡಿದ್ದಾರೆ. ದಾರಿ ಗೊತ್ತಿದೆ. ಬೆನ್ನು ಬಿಡದೆ ಕೇಳುವವರು ಬೇಕು, ಮಕ್ಕಳ ಕ್ಲಬ್ಬೊಂದು ಅಂಥ ಜನರನ್ನು ವರ್ಷ ವರ್ಷವೂ ಹೊಸದಾಗಿ ಹುಟ್ಟಿಸುತ್ತದೆ. ನಾನು ಕ್ಲಬ್ಬಿನ ಪರವಾಗಿ ನಿಲ್ಲಲು ಇದು ದೊಡ್ಡ ಕಾರಣ.

ಇನ್ನೊಂದು ಕಾರಣ ನಾಸಿಕ್ ಜಿಲ್ಲೆಯ ಬರದ ಊರಿನದು. ತಳೇಗಾಂವ್ ರೋಹಿಯ ದತ್ತು ಭೋಕನಳ್ ಬಾವಿ ತೋಡುವ ಕೂಲಿಯ ಮನೆಯಿಂದ ಬಂದವರು. ನೀರಿಗಾಗಿ ನೆಲ ಅಗೆಯುತ್ತಿದ್ದ ಹುಡುಗ 2012ರಲ್ಲಿ ಸೇನೆ ಸೇರಿದ ಮೇಲೆಯೇ ದೋಣಿ ಹತ್ತಿದ್ದು. ನಾಲ್ಕೇ ವರ್ಷದಲ್ಲಿ, 2016ರ ರಿಯೊ ಒಲಿಂಪಿಕ್ಸ್‌ನ ಏಕವ್ಯಕ್ತಿ ಸ್ಪರ್ಧೆಯಲ್ಲಿ 13ನೆಯವರಾಗಿ ಬಂದರು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅದಕ್ಕೂ ಮುಂಚೆ 2010ರಲ್ಲಿ ಗ್ವಾಂಗ್‌ಝೌನಲ್ಲಿ ದೇಶಕ್ಕೆ ಈ ಆಟದ ಮೊದಲ ಏಷ್ಯನ್ ಚಿನ್ನ ತಂದ ಬಜರಂಗ್‌ಲಾಲ್ ತಾಖರ್ ರಾಜಸ್ಥಾನದ ಸೈನಿಕ. ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಎರಡು ಬೆಳ್ಳಿ, ಮೂರು ಕಂಚು ತಂದ ತಂಡದ ಬೆನ್ನೆಲುಬೂ ಸೇನೆಯೇ. ಸೈನ್ಯಕ್ಕೆ ನಮಸ್ಕಾರ. ಆದರೆ ಈ ದೇಶದ ಮಗು ಹುಟ್ಟು ಮುಟ್ಟಲು ಇಪ್ಪತ್ತು ವರ್ಷವಾಗಿ ಸಮವಸ್ತ್ರ ತೊಡುವವರೆಗೆ ಕಾಯಬೇಕೆ? ಸಾವಿರಾರು ಕೆರೆಗಳ ರಾಜ್ಯದಲ್ಲಿ ನಾವು ಮಕ್ಕಳಿಗೆ ನೀರಿನ ಬಗ್ಗೆ ಕಲಿಸುವುದು ಹೆದರಿಕೆಯೊಂದನ್ನೇ. ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಬೇಸಿಗೆ ರಜೆಯಲ್ಲಿ ಕಲ್ಲುಕ್ವಾರಿಯಲ್ಲಿ, ಕೃಷಿಹೊಂಡದಲ್ಲಿ, ಕೆರೆಯಲ್ಲಿ ಹುಡುಗರು ಮುಳುಗಿದ ಸುದ್ದಿಯಿಲ್ಲದ ವಾರವಿಲ್ಲ. ಹತ್ತಿರ ಹೋಗಬೇಡ ಎಂದು ಹೇಳಿದ್ದರಿಂದ ಆ ಮಕ್ಕಳು ಉಳಿಯಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ಬಡಾವಣೆಯ ಸಭೆಗೆ ಅಂಥ ಕ್ಲಬ್ಬು ಬಂದರೆ ನಾನು ಯಾವ ಕಾಗದಕ್ಕೆ ಸಹಿ ಹಾಕುತ್ತೇನೆ ಎಂಬುದನ್ನೂ ಹೇಳಬೇಕು. ಒಪ್ಪಿಗೆ ಒಂದು ವರ್ಷಕ್ಕೆ, ಮುಂಗಾರು ಮುಗಿದು ಕೆರೆ ತುಂಬಿದ ಮೇಲೆ ಶುರು. ವರ್ಷದ ಕೊನೆಗೆ ಮೀನುಗಾರ, ನಡಿಗೆಯವರು, ಹಳೆ ಊರಿನ ಹಿರಿಯರು, ಹಕ್ಕಿ ನೋಡುವವರು ಮತ್ತೆ ಕೂತು ಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಉಳಿಸಿಕೊಂಡಿರಬೇಕು. ಬೇಲಿ ಇಲ್ಲ, ಟಿಕೆಟ್ ಇಲ್ಲ, ಧ್ವನಿವರ್ಧಕ ಇಲ್ಲ, ಪ್ರಾಯೋಜಕರ ಬೋರ್ಡು ಇಲ್ಲ. ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಕೆರೆಯ ಗೇಟಿನಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು, ದರ್ಜೆ ಕೆಟ್ಟ ತಿಂಗಳು ದೋಣಿ ಇಳಿಯುವಂತಿಲ್ಲ. ಬ್ಯಾಟರಿಯ ರಕ್ಷಣಾ ದೋಣಿ ನೀರಿನಲ್ಲಿ ಇಲ್ಲದಿದ್ದರೆ ಒಂದು ಮಗುವೂ ನೀರಿನಲ್ಲಿ ಇರಬಾರದು. ಹುಡುಗಿಯರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಶೌಚಾಲಯ ಮೊದಲ ದಿನದಿಂದಲೇ ಬೇಕು. ಇವಿಲ್ಲದೆ ಎಷ್ಟೋ ಆಟಗಳನ್ನು ನಮ್ಮ ಹೆಣ್ಣುಮಕ್ಕಳು ಹನ್ನೆರಡಕ್ಕೇ ಬಿಟ್ಟಿದ್ದಾರೆ.

ಜೊತೆಗೆ ಒಂದು ಷರತ್ತಿನ ಬಗ್ಗೆ ನಾನು ಜಗ್ಗುವುದಿಲ್ಲ. ಕ್ಲಬ್ಬಿನ ಅರ್ಧದಷ್ಟು ಜಾಗ ಕೆರೆಯ ಸುತ್ತಲಿನ ಸರ್ಕಾರಿ ಶಾಲೆಯ ಮಕ್ಕಳಿಗೆ, ಶುಲ್ಕವಿಲ್ಲದೆ. ಈಜು ಕಲಿಸುವ ಖರ್ಚೂ ಕ್ಲಬ್ಬಿನದೇ. ಏರಿಯ ಕೆಳಗಿನ ಸಾಲುಮನೆಯ ಹುಡುಗಿ ಮತ್ತು ಎದುರಿನ ಹದಿನಾಲ್ಕನೇ ಮಹಡಿಯ ಹುಡುಗಿ ಒಂದೇ ದೋಣಿಯಲ್ಲಿ ಹಿಂದೆ ಮುಂದೆ ಕೂತರೆ, ಇಬ್ಬರ ಹುಟ್ಟೂ ಒಂದೇ ಕ್ಷಣಕ್ಕೆ ನೀರಿಗೆ ಬೀಳದ ಹೊರತು ದೋಣಿ ನೆಟ್ಟಗೆ ಹೋಗುವುದಿಲ್ಲ. ಇಂಥ ಆಟ ನಮ್ಮ ಊರಿಗೆ ಬೇಕು. ಅರ್ಜಿ ಹಿಡಿದು ಬರುವವರು ಮೊದಲ ಆರು ತಿಂಗಳು ಕೆರೆಯನ್ನೇ ಕೇಳದೆ, ಹತ್ತಿರದ ಈಜುಕೊಳದಲ್ಲಿ, ಶಾಲೆಯ ಅಂಗಳದ ರೋಯಿಂಗ್ ಯಂತ್ರದ ಮೇಲೆ ಈ ಮಕ್ಕಳನ್ನು ಕೂರಿಸಿ ತೋರಿಸಲಿ. ಆ ಮಕ್ಕಳ ಹೆಸರಿನ ಪಟ್ಟಿ ಅರ್ಜಿಯ ಮೊದಲ ಪುಟದಲ್ಲಿದ್ದರೆ, ಪಕ್ಕದ ಮನೆಯವರನ್ನು ಒಪ್ಪಿಸುವ ಕೆಲಸ ನನಗಿರಲಿ.